‘ನೋಟು ಮುದ್ರಣ’ವೆಂಬ ಲಕ್ಷಣೆ: ಸಾಲಪತ್ರಗಳ ಖರೀದಿಯನ್ನು ಕುರಿತ ಕನ್ನಡ ಗದ್ಯದ ವಿಮರ್ಶೆ

ಶಾಸ್ತ್ರವಿಷಯವನ್ನು ದೇಶಭಾಷೆಯಲ್ಲಿ ನಿರೂಪಿಸುವವರಿಗೆ ಎರಡು ಬಗೆಯ ತೊಡಕುಗಳು ಒದಗುವುವು. ತಕ್ಕ ಪದವು ದೊರೆಯದಿರುವುದು ಮೊದಲನೆಯದು. ದೊರೆತ ಪದವು ತನ್ನ ಹಿಂದಿನ ಅರ್ಥವನ್ನು ಬಿಟ್ಟುಬಾರದೆ ಹೊಸ ಅರ್ಥದೊಡನೆ ಕಲಹಕ್ಕೆ ನಿಲ್ಲುವುದು ಎರಡನೆಯದು. ಮೊದಲನೆಯದನ್ನು ನೀಗಿಸಲು ನಿಘಂಟುಕಾರರೂ ಪಠ್ಯಪುಸ್ತಕಗಳ ಕರ್ತೃಗಳೂ ಬೇಕಾದಷ್ಟು ಶ್ರಮಪಟ್ಟಿರುವರು. ಎರಡನೆಯದು ಪದಗಳ ಪಟ್ಟಿಯಿಂದ ತೀರುವಂಥದಲ್ಲ. ವಾಕ್ಯವನ್ನೇ ಹಿಡಿದು ಪರೀಕ್ಷಿಸಬೇಕಾದುದು. ಆದುದರಿಂದ ಅದು ಸಾಹಿತ್ಯವಿಮರ್ಶಕರ ಕೆಲಸವೂ ಹೌದು. ನಾಗವರ್ಮನು ಕಾವ್ಯಾವಲೋಕನದಲ್ಲಿ ಕಾವ್ಯದ ಮಲಗಳನ್ನು ಕಳೆಯುವುದಕ್ಕೆಂದೇ ಒಂದು ಅಧಿಕರಣವನ್ನು ರಚಿಸಿರುವನು. ಕಾವ್ಯದಲ್ಲಿ ದೋಷವು ರಸಕ್ಕೆ ಹಾನಿಮಾಡಿದರೆ ಶಾಸ್ತ್ರಗದ್ಯದಲ್ಲಿ ಅದು ತಿಳಿವಳಿಕೆಗೇ ಹಾನಿಮಾಡುವುದು. ಆ ಗದ್ಯಕ್ಕಾದರೋ ಅಂಥ ಅಧಿಕರಣವನ್ನು ಬರೆದವರು ವಿರಳ.

ಈ ಎರಡನೆಯ ತೊಡಕಿಗೆ ಈಚಿನ ವರ್ಷಗಳಲ್ಲಿ ದೊರೆಯುವ ನಿದರ್ಶನಗಳಲ್ಲಿ ಮುಖ್ಯವಾದುದು, ರಿಜರ್ವ್ ಬ್ಯಾಂಕು ಸರ್ಕಾರದ ಸಾಲಪತ್ರಗಳನ್ನು, ಎಂದರೆ ಬಾಂಡುಗಳನ್ನು, ಕೊಳ್ಳುವ ವಿಷಯದಲ್ಲಿ ಕನ್ನಡದಲ್ಲಿ ನಡೆದಿರುವ ಬರೆವಣಿಗೆ. 2020–21ನೆಯ ವರ್ಷದಲ್ಲಿ ಆ ಬ್ಯಾಂಕು ಪೇಟೆಯಲ್ಲಿ ಕೊಂಡ ಪತ್ರಗಳ ಮೊತ್ತವು, ಮಾರಿದುದನ್ನು ಕಳೆದು, 3 ಲಕ್ಷ ಕೋಟಿ ರೂಪಾಯಿಗಳಿಗೂ ಮೀರಿತು. 2021ರ ಏಪ್ರಿಲ್ 7ರಂದು, ಮುಂದಿನ ಮೂರು ತಿಂಗಳಲ್ಲಿ 1 ಲಕ್ಷ ಕೋಟಿಯಷ್ಟನ್ನು ಕೊಳ್ಳುವೆನೆಂದು ಅದು ಮುಂಚಿತವಾಗಿಯೇ ಸಾರಿತು. ಮರುತ್ರೈಮಾಸಿಕಕ್ಕೆ 1 ಲಕ್ಷ 20 ಸಾವಿರ ಕೋಟಿಯೆಂದು ಹೇಳಿ, ಅಕ್ಟೋಬರಿನಲ್ಲಿ ಆ ಕ್ರಮವನ್ನು ನಿಲ್ಲಿಸಿತು. 2025ರ ಜನವರಿಯಲ್ಲಿ 60 ಸಾವಿರ ಕೋಟಿಯ ಖರೀದಿಯನ್ನು ಮೂರು ಕಂತುಗಳಲ್ಲಿ ಪ್ರಕಟಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮತ್ತೆ 1 ಲಕ್ಷ ಕೋಟಿಯದನ್ನು ಪ್ರಕಟಿಸಿತು. ಈ ಸಂದರ್ಭಗಳಲ್ಲೆಲ್ಲ ಕನ್ನಡದ ಲೇಖನಗಳಲ್ಲಿಯೂ ತರಗತಿಯ ಪಾಠಗಳಲ್ಲಿಯೂ ಎರಡು ಮಾತುಗಳು ಮರಮರಳಿ ಬರುತ್ತವೆ. ರಿಜರ್ವ್ ಬ್ಯಾಂಕು ‘ನೋಟು ಅಚ್ಚುಹಾಕಿತು’ ಎಂಬುದು ಒಂದು. ಮಾರುಕಟ್ಟೆಗೆ ‘ಹಣದ ಹೊಳೆ ಹರಿಸಿತು’ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ನಿಂದೆಯೂ ಎರಡನೆಯದರಲ್ಲಿ ಬಹುಮಟ್ಟಿಗೆ ಸ್ತುತಿಯೂ ಧ್ವನಿಸುವುವು. ವಸ್ತುಸ್ಥಿತಿಯು ಎರಡರಲ್ಲಿಯೂ ಮರೆಯಾಗುವುದು.

ಈ ಮಾತುಗಳನ್ನು ಓದತಕ್ಕವರು ಯಾರೆಂಬುದನ್ನು ಮೊದಲು ಗಮನಿಸಬೇಕು. ಬೆಂಗಳೂರಿನ ವಾಯವ್ಯಕ್ಕಿರುವ ಪೀಣ್ಯದಲ್ಲಿ 1970ರ ದಶಕದಿಂದ ಬೆಳೆದ ಕೈಗಾರಿಕಾ ವಸಾಹತಿನಲ್ಲಿ ಲೇತು ಯಂತ್ರಗಳನ್ನಿಟ್ಟುಕೊಂಡು ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಗಳು ಸಾವಿರಗಟ್ಟಲೆ ಇವೆ. ಅವುಗಳ ಒಡೆಯರಲ್ಲಿ ಹಲವರು ಕನ್ನಡದ ದಿನಪತ್ರಿಕೆಯನ್ನು ಓದಿಯೇ ಲೋಕದ ಹಣಕಾಸನ್ನು ತಿಳಿಯುವವರು. ಲಕ್ಷ ಕೋಟಿಗಳ ಹೊಳೆ ಹರಿಯಿತೆಂದು ಓದಿದವನು, ತನ್ನ ಬ್ಯಾಂಕಿನ ಶಾಖೆಯಲ್ಲಿ ಸಾಲದ ಮಿತಿಯು ಒಂದು ರೂಪಾಯಿಯಷ್ಟೂ ಏರದಿರುವುದನ್ನು ಕಂಡು, ಹಣವನ್ನು ಯಾರೋ ನಡುವೆ ನುಂಗಿರಬೇಕೆಂದು ಎಣಿಸುವುದು ಸಹಜವೇ ಸರಿ. ಅವನ ಎಣಿಕೆಯು ತಪ್ಪಾದರೂ ಅದಕ್ಕೆ ಕಾರಣವಾದ ವಾಕ್ಯವನ್ನು ಬರೆದವನು ಬೇರೊಬ್ಬನು.

ಪ್ರಕ್ರಿಯೆಯನ್ನು ಮೊದಲು ಬಿಡಿಸಿಟ್ಟುಕೊಳ್ಳುವುದು ಅವಶ್ಯ. ಪ್ರತಿಯೊಂದು ವಾಣಿಜ್ಯ ಬ್ಯಾಂಕಿಗೂ ರಿಜರ್ವ್ ಬ್ಯಾಂಕಿನಲ್ಲಿ ಒಂದು ಖಾತೆಯುಂಟು. ಜನರಿಗೆ ಬ್ಯಾಂಕು ಹೇಗೋ ಬ್ಯಾಂಕುಗಳಿಗೆ ರಿಜರ್ವ್ ಬ್ಯಾಂಕು ಹಾಗೆ. ಒಂದು ಬ್ಯಾಂಕು ತನ್ನಲ್ಲಿದ್ದ 100 ಕೋಟಿ ಬೆಲೆಯ ಸಾಲಪತ್ರಗಳನ್ನು ರಿಜರ್ವ್ ಬ್ಯಾಂಕಿಗೆ ಮಾರಿತೆಂದು ಇಟ್ಟುಕೊಳ್ಳೋಣ. ಪತ್ರಗಳು ರಿಜರ್ವ್ ಬ್ಯಾಂಕಿನ ಆಸ್ತಿಗೆ ಸೇರಿದುವು; ಮಾರಿದ ಬ್ಯಾಂಕಿನ ಖಾತೆಗೆ 100 ಕೋಟಿ ಜಮೆಯಾಯಿತು. ಈ ಖಾತೆಯಲ್ಲಿರುವ ಮೊತ್ತಕ್ಕೇ ‘ಮೀಸಲು’ ಎಂದು ಹೆಸರು. ಮಾರಿದ ಬ್ಯಾಂಕಿನ ಆಸ್ತಿಯು ಹೆಚ್ಚಲಿಲ್ಲ, ಒಂದು ರೂಪವನ್ನು ಬಿಟ್ಟು ಇನ್ನೊಂದು ರೂಪಕ್ಕೆ ಬಂದಿತು. ಆ ಬ್ಯಾಂಕಿನಲ್ಲಿ ಜನರಿಟ್ಟಿರುವ ಠೇವಣಿಗಳಲ್ಲಿ ಒಂದು ಕಾಸಿನ ವ್ಯತ್ಯಾಸವೂ ಆಗಲಿಲ್ಲ. ‘ಹಣದ ಪೂರೈಕೆ’ಯೆಂದು ರಿಜರ್ವ್ ಬ್ಯಾಂಕು ಕಾಲಕಾಲಕ್ಕೆ ಪ್ರಕಟಿಸುವ ಮೊತ್ತದಲ್ಲಿ ಜನರ ಕೈಯಲ್ಲಿರುವ ನೋಟುನಾಣ್ಯಗಳೂ ಬ್ಯಾಂಕುಗಳಲ್ಲಿರುವ ಜನರ ಠೇವಣಿಗಳೂ ಮುಖ್ಯವಾಗಿ ಸೇರುವುವೇ ಹೊರತು ಬ್ಯಾಂಕುಗಳ ಮೀಸಲು ಸೇರುವುದಿಲ್ಲ. ಆದುದರಿಂದ ಈ ವ್ಯವಹಾರದಿಂದ ಮೀಸಲು 100 ಕೋಟಿಯಷ್ಟು ಹೆಚ್ಚಿತು, ಹಣದ ಪೂರೈಕೆಯು ಇದ್ದಲ್ಲಿಯೇ ಇದ್ದಿತು.

ಮಾರಿದವರು ಬ್ಯಾಂಕಿನವರಲ್ಲದೆ ಒಂದು ವಿಮಾಸಂಸ್ಥೆಯವರಾದರೆ ಗತಿಯು ಬೇರೆ. ವಿಮಾಸಂಸ್ಥೆಗೆ ರಿಜರ್ವ್ ಬ್ಯಾಂಕಿನಲ್ಲಿ ಇಂಥ ಖಾತೆಯಿಲ್ಲ. ಅದರ ಬೆಲೆಯು ಅದು ವ್ಯವಹರಿಸುವ ಬ್ಯಾಂಕಿನ ಮೂಲಕವೇ ಬರತಕ್ಕದ್ದು. ಆಗ ಬ್ಯಾಂಕಿನ ಮೀಸಲೂ 100 ಕೋಟಿ ಹೆಚ್ಚುವುದು, ಆ ಬ್ಯಾಂಕಿನಲ್ಲಿ ವಿಮಾಸಂಸ್ಥೆಯ ಠೇವಣಿಯೂ 100 ಕೋಟಿ ಹೆಚ್ಚುವುದು; ಹಣದ ಪೂರೈಕೆಯು ನಿಜವಾಗಿಯೂ ಏರುವುದು. ಖರೀದಿಯು ಒಂದೇ, ಮೊತ್ತವೂ ಒಂದೇ. ಮಾರಿದವನು ಯಾರೆಂಬುದರ ಮೇಲೆ ಫಲವು ಭಿನ್ನವಾಗುವುದು. ಕನ್ನಡದ ಬರೆವಣಿಗೆಯಲ್ಲಿ ಕರ್ತೃವಾದ ರಿಜರ್ವ್ ಬ್ಯಾಂಕಿನ ಹೆಸರು ತಪ್ಪದೆ ಬರುತ್ತದೆ, ಕರ್ಮವಾದ ಸಾಲಪತ್ರವೂ ಬರುತ್ತದೆ. ‘ಯಾರಿಂದ’ ಎಂಬ ಅಪಾದಾನವು ಮಾತ್ರ ಬಿಟ್ಟುಹೋಗಿರುತ್ತದೆ. ಕೊಳ್ಳು ಎಂಬ ಧಾತುವಿನ ವಾಕ್ಯದಲ್ಲಿ ಅಪಾದಾನವನ್ನು ಬಿಡುವುದು ಸಾಮಾನ್ಯವಾಗಿ ದೋಷವಲ್ಲ; ಇಲ್ಲಿ ಅರ್ಥವೆಲ್ಲವೂ ಅದರಲ್ಲಿಯೇ ಅಡಗಿರುವುದರಿಂದ ಅದು ನ್ಯೂನಪದದೋಷವಾಗಿ ಪರಿಣಮಿಸಿದೆ.

ಇನ್ನು ‘ನೋಟು ಅಚ್ಚುಹಾಕಿತು’ ಎಂಬ ಮಾತನ್ನು ಪರೀಕ್ಷಿಸಬಹುದು. ಇದು ಲಾಕ್ಷಣಿಕಪ್ರಯೋಗವೆಂದೂ ಅಕ್ಷರಶಃ ತೆಗೆದುಕೊಳ್ಳತಕ್ಕುದಲ್ಲವೆಂದೂ ಅದರ ಪರವಾಗಿ ಹೇಳಬಹುದು. ಲಕ್ಷಣೆಯೇ ಆದರೆ ಅದಕ್ಕೆ ಮಮ್ಮಟಾದಿಗಳು ಹೇಳಿರುವ ಮೂರು ನಿಮಿತ್ತಗಳು ಇರಬೇಕು: ಮುಖ್ಯಾರ್ಥವು ಬಾಧಿತವಾಗಬೇಕು, ಲಕ್ಷ್ಯಾರ್ಥಕ್ಕೆ ಅದರೊಡನೆ ಸಂಬಂಧವಿರಬೇಕು, ರೂಢಿಯಾಗಲಿ ಪ್ರಯೋಜನವಾಗಲಿ ಇರಬೇಕು. ಗಂಗೆಯಲ್ಲಿ ಗೊಲ್ಲರ ಹಳ್ಳಿಯಿದೆಯೆಂಬ ಶಾಸ್ತ್ರಪ್ರಸಿದ್ಧವಾದ ಉದಾಹರಣೆಯು ಸಲ್ಲುವುದು ಏತರಿಂದ? ಹರಿಯುವ ನೀರಿನ ಮೇಲೆ ಹಳ್ಳಿಯು ನಿಲ್ಲಲಾರದೆಂದು ಕೇಳುವ ಪ್ರತಿಯೊಬ್ಬನೂ ಬಲ್ಲನು. ಆ ಬಾಧಜ್ಞಾನವಿರುವುದರಿಂದಲೇ ಅವನ ಬುದ್ಧಿಯು ತೀರಕ್ಕೆ ಹೋಗುವುದು, ಶೈತ್ಯಪಾವನತ್ವಗಳು ಹೊಳೆಯುವುವು. ಬಾಧಜ್ಞಾನವಿಲ್ಲದವನಿಗೆ ಅದೇ ವಾಕ್ಯವನ್ನು ಹೇಳಿದರೆ ಅವನು ನೀರಿನಲ್ಲಿ ಹಳ್ಳಿಯನ್ನು ಹುಡುಕುವನು. ಅವನ ಪಾಲಿಗೆ ಅದು ಲಕ್ಷಣೆಯಲ್ಲ, ಭ್ರಮೆಯ ಕಾರಣ.

‘ನೋಟು ಮುದ್ರಣ’ದ ಸ್ಥಿತಿಯು ಇಂಥದೇ. ಅರ್ಥಶಾಸ್ತ್ರವನ್ನು ಬಲ್ಲವರು ತಮ್ಮೊಳಗೆ ಇದನ್ನು ಆಡಿಕೊಳ್ಳುವಾಗ ಅಚ್ಚಿನ ಯಂತ್ರವು ತಿರುಗಿಲ್ಲವೆಂಬುದು ಇಬ್ಬರಿಗೂ ತಿಳಿದಿರುತ್ತದೆ. ಅನಾಯಾಸವಾಗಿ ಹಣವನ್ನು ಹುಟ್ಟಿಸಿದರೆಂಬ ತಿರಸ್ಕಾರವು ವ್ಯಂಗ್ಯಪ್ರಯೋಜನವಾಗಿ ನಿಲ್ಲುತ್ತದೆ. ಕನ್ನಡದ ಸಾಮಾನ್ಯ ವಾಚಕನಿಗೆ ಮುಖ್ಯಾರ್ಥವು ಬಾಧಿತವಾಗುವ ಸಂಭವವೇ ಇಲ್ಲ. ನೋಟುಗಳನ್ನು ನಿಜವಾಗಿಯೂ ಅಚ್ಚುಹಾಕುತ್ತಾರೆ, ಅದೂ ದೂರದ ಊರಿನಲ್ಲಿ ಅಲ್ಲ. 1995ರಲ್ಲಿ ಸ್ಥಾಪಿತವಾದ ಭಾರತೀಯ ರಿಜರ್ವ್ ಬ್ಯಾಂಕ್ ನೋಟು ಮುದ್ರಣ ಸಂಸ್ಥೆಯ ಎರಡು ಮುದ್ರಣಾಲಯಗಳಲ್ಲಿ ಒಂದು ಮೈಸೂರಿನಲ್ಲಿದೆ, ಇನ್ನೊಂದು ಬಂಗಾಳದ ಸಾಲ್ಬೋನಿಯಲ್ಲಿ. ನೋಟಿನ ಕಾಗದವನ್ನು ತಯಾರಿಸುವ ಗಿರಣಿಯೂ ಮೈಸೂರಿನಲ್ಲಿಯೇ ಇದೆ. ಇಂಥ ನಾಡಿನಲ್ಲಿ ‘ಅಚ್ಚುಹಾಕಿತು’ ಎಂದರೆ ಮೈಸೂರಿನ ಯಂತ್ರಗಳು ಹಗಲಿರುಳು ತಿರುಗಿದುವೆಂದೇ ಓದುವವನು ತಿಳಿಯುವನು. ತಿಳಿದರೆ ಅವನನ್ನು ಆಕ್ಷೇಪಿಸುವಂತಿಲ್ಲ.

ಇದಕ್ಕಿಂತ ವಿಚಿತ್ರವಾದ ಇನ್ನೊಂದು ಸಂಗತಿಯುಂಟು. ನೋಟು ಜನರ ಕೈಗೆ ಹೋಗುವ ದಾರಿಯನ್ನು ನೋಡಿದರೆ, ನಿಜವಾದ ಮುದ್ರಣಕ್ಕೂ ಈ ಲಾಕ್ಷಣಿಕ ಮುದ್ರಣಕ್ಕೂ ಮೀಸಲಿನ ವಿಷಯದಲ್ಲಿ ಫಲವು ತಿರುಗುಮುರುಗು. ಹಬ್ಬದ ದಿನಗಳಲ್ಲಿ ಜನರು ಬ್ಯಾಂಕಿನಿಂದ ನೋಟುಗಳನ್ನು ತೆಗೆದುಕೊಳ್ಳುವರು. ಬ್ಯಾಂಕು ಆ ನೋಟುಗಳನ್ನು ರಿಜರ್ವ್ ಬ್ಯಾಂಕಿನಿಂದ ತರಿಸಿಕೊಳ್ಳಬೇಕಾದರೆ ತನ್ನ ಖಾತೆಯಲ್ಲಿನ ಮೊತ್ತವನ್ನು ಅಷ್ಟರಮಟ್ಟಿಗೆ ಬಿಟ್ಟುಕೊಡಬೇಕು. ಆದುದರಿಂದ ಮೈಸೂರಿನಲ್ಲಿ ಮುದ್ರಿತವಾದ ನೋಟು ಜನರ ಜೇಬಿಗೆ ಸೇರಿದಷ್ಟೂ ರಿಜರ್ವ್ ಬ್ಯಾಂಕಿನಲ್ಲಿರುವ ಬ್ಯಾಂಕುಗಳ ಮೊತ್ತವು ಇಳಿಯುವುದು. ಸಾಲಪತ್ರಗಳ ಖರೀದಿಯಿಂದಲಾದರೋ ಅದು ಏರುವುದು. 2016ರ ನವೆಂಬರಿನಲ್ಲಿ 500 ಮತ್ತು 1,000 ರೂಪಾಯಿಗಳ ಹಳೆಯ ನೋಟುಗಳನ್ನು ರದ್ದುಪಡಿಸಿದಾಗ ಇದರ ವಿಲೋಮವು ನಾಡಿಗೆಲ್ಲ ಕಾಣಿಸಿತು. ಜನರ ಕೈಯಲ್ಲಿದ್ದ ನೋಟುಗಳು ಬ್ಯಾಂಕಿಗೆ ಹಿಂದಿರುಗಿದುವು. ಹೊಸ ನೋಟುಗಳು ಸಾಲದೆ ಜನರು ಸಾಲುನಿಂತರು. ಆ ನೋಟಿನ ಬರದ ನಡುವೆಯೇ ಬ್ಯಾಂಕುಗಳ ಮೀಸಲು ಉಕ್ಕಿಹೋಯಿತು. ಅದು ಎಷ್ಟೆಂದರೆ, ಸೆಪ್ಟೆಂಬರ್ 16ರಿಂದ ನವೆಂಬರ್ 11ರ ವರೆಗೆ ಹೆಚ್ಚಿದ ಠೇವಣಿಗಳಷ್ಟನ್ನೂ ತನ್ನಲ್ಲಿ ಇಡಬೇಕೆಂದು ರಿಜರ್ವ್ ಬ್ಯಾಂಕು ನವೆಂಬರ್ 26ರಂದು ವಿಧಿಸಿ, ಡಿಸೆಂಬರ್ 10ರಿಂದ ಆ ವಿಧಿಯನ್ನು ಹಿಂತೆಗೆದುಕೊಳ್ಳಬೇಕಾಯಿತು. ನೋಟು ಕಡಮೆಯಾದಾಗ ಹೆಚ್ಚುವ ಪದಾರ್ಥವನ್ನು ನೋಟಿನ ಮುದ್ರಣವೆಂಬ ಹೆಸರಿನಿಂದ ಕರೆಯುವುದಾದರೆ, ಉಪಕಾರವೆಂದು ಅಪಕಾರವನ್ನು ಹೇಳುವ ವಿಪರೀತಲಕ್ಷಣೆಯನ್ನು ಬಿಟ್ಟರೆ ಅದಕ್ಕೆ ಬೇರೆ ಗತಿಯಿಲ್ಲ!

ಪೂರ್ವಪಕ್ಷಕ್ಕೂ ಬಲವಿಲ್ಲದಿಲ್ಲ. ನೋಟೂ ರಿಜರ್ವ್ ಬ್ಯಾಂಕಿನ ಹೊಣೆ, ಬ್ಯಾಂಕುಗಳ ಖಾತೆಯ ಮೊತ್ತವೂ ಅದರ ಹೊಣೆ. ಎರಡನೆಯದನ್ನು ಬೇಕಾದಾಗ ಮೊದಲನೆಯದಾಗಿ ಬದಲಿಸಿಕೊಳ್ಳಬಹುದು. ಎರಡನ್ನೂ ಆ ಬ್ಯಾಂಕು ಬೇರೆಯವರಿಂದ ತಾರದೆ ತಾನೇ ಹುಟ್ಟಿಸುವುದು. ಆದುದರಿಂದ ಸಂಬಂಧವೆಂಬ ನಿಮಿತ್ತವು ಗಟ್ಟಿಯಾಗಿಯೇ ಇದೆ. ಅಲ್ಲದೆ ಒಂದು ಕಾಲದಲ್ಲಿ ಈ ಮಾತು ವಸ್ತುಸ್ಥಿತಿಗೆ ಇನ್ನೂ ಹತ್ತಿರವಾಗಿದ್ದಿತು. 1997ರ ವರೆಗೆ ಕೇಂದ್ರ ಸರ್ಕಾರದ ಬೊಕ್ಕಸದಲ್ಲಿ ಕೊರತೆಬಿದ್ದಾಗ ಅದರ ಅಲ್ಪಾವಧಿ ಹುಂಡಿಗಳನ್ನು ರಿಜರ್ವ್ ಬ್ಯಾಂಕು ನೇರವಾಗಿ ತೆಗೆದುಕೊಂಡು ಸರ್ಕಾರದ ಖಾತೆಗೆ ಹಣವನ್ನು ತುಂಬುತ್ತಿದ್ದಿತು. ಸರ್ಕಾರವು ಅದನ್ನು ಖರ್ಚುಮಾಡಿದೊಡನೆ ಜನರ ಠೇವಣಿಯೂ ಬ್ಯಾಂಕುಗಳ ಮೀಸಲೂ ಒಟ್ಟಿಗೆ ಏರುತ್ತಿದ್ದುವು. ಆ ಏರ್ಪಾಡು 1997ರಲ್ಲಿ ನಿಂತಿತು. 2003ರ ವಿತ್ತೀಯ ಹೊಣೆಗಾರಿಕೆಯ ಕಾನೂನಿನಂತೆ 2006ರ ಏಪ್ರಿಲಿನಿಂದ ಸರ್ಕಾರವು ಹೊಸದಾಗಿ ಹೊರಡಿಸುವ ಸಾಲಪತ್ರಗಳನ್ನು ರಿಜರ್ವ್ ಬ್ಯಾಂಕು ನೇರವಾಗಿ ಕೊಳ್ಳುವುದೂ, ಕಾನೂನೇ ಹೇಳಿರುವ ಅಪವಾದಗಳನ್ನುಳಿದು, ನಿಷಿದ್ಧವಾಯಿತು. ಪೇಟೆಯಲ್ಲಿ ಬೇರೆಯವರ ಕೈಯಲ್ಲಿರುವ ಪತ್ರಗಳನ್ನು ಕೊಳ್ಳಲು ಅಡ್ಡಿಯಿಲ್ಲ. ಏರ್ಪಾಡು ಬದಲಾಯಿತು, ಮಾತು ಹಾಗೆಯೇ ಉಳಿಯಿತು.

ಈಗ ‘ಮೀಸಲು’ ಎಂಬ ಪದದ ವಿಚಾರ. ಕನ್ನಡದಲ್ಲಿ ಮೀಸಲೆಂದರೆ ಬೇರೆಯವರು ಮುಟ್ಟದಂತೆ ತೆಗೆದಿರಿಸಿದುದು. ದೇವರಿಗೆಂದು ಎತ್ತಿಟ್ಟ ಹಾಲು, ಬೆಣ್ಣೆ, ಮೊದಲ ಫಲ, ಇವು ಮೀಸಲು. ಎಂಜಲಾಗದಿರುವುದು ಅದರ ಪ್ರಾಣ. ಶಾಸನಗಳಲ್ಲಿ ನಂದಾದೀವಿಗೆಗೆಂದು ಬಿಟ್ಟ ಹೊನ್ನು, ಬಡ್ಡಿಯು ಮಾತ್ರ ವ್ಯಯವಾಗಿ ಮೂಲವು ಕೆಡದಂತೆ ನಡೆಯಬೇಕೆಂಬ ಕಟ್ಟಳೆಯುಳ್ಳದ್ದು, ಈ ಭಾವನೆಗೆ ಹತ್ತಿರವಾದುದು. ಬ್ಯಾಂಕುಗಳ ‘ಮೀಸಲು’ ಇಂಥದಲ್ಲ. ಒಂದು ಬ್ಯಾಂಕಿನ ಗಿರಾಕಿಯು ಇನ್ನೊಂದು ಬ್ಯಾಂಕಿನ ಗಿರಾಕಿಗೆ ಹಣವನ್ನು ಕಳುಹಿಸಿದಾಗಲೆಲ್ಲ ಲೆಕ್ಕವು ತೀರುವುದು ಈ ಖಾತೆಗಳಲ್ಲಿಯೇ. ದಿನವೂ ಬೆಳಗಿನಿಂದ ಸಂಜೆಯ ವರೆಗೆ ಅದು ಕೈಯಿಂದ ಕೈಗೆ ಓಡಾಡುತ್ತಿರುತ್ತದೆ. ಶಾಸನದಂತೆ ಠೇವಣಿಗಳ ಇಷ್ಟು ಪಾಲನ್ನು ಅಲ್ಲಿ ಇಡಬೇಕೆಂಬ ನಿಯಮವಿದ್ದರೂ ಅದನ್ನು ಎರಡು ವಾರಗಳ ಸರಾಸರಿಯಿಂದ ಲೆಕ್ಕ ಹಾಕುವರು. ಆ ಪಾಲು 2021ರ ಮೇ ತಿಂಗಳಲ್ಲಿ ಶೇಕಡ 4 ಆಯಿತು, 2022ರಲ್ಲಿ 4½ಕ್ಕೆ ಏರಿತು, ಮತ್ತೆ ಇಳಿಯುತ್ತ 2025ರ ನವೆಂಬರಿನಲ್ಲಿ 3ಕ್ಕೆ ಬಂದಿತು. ಇದಕ್ಕೆ ‘ನಗದು ಮೀಸಲು ಅನುಪಾತ’ವೆಂದು ಹೆಸರಿಟ್ಟಿರುವರು. ನಗದು ಎಂದರೆ ಕೈಯಲ್ಲಿ ಎಣಿಸಿಕೊಡುವ ರೊಕ್ಕ. ಇಲ್ಲಿರುವುದು ಖಾತೆಯಲ್ಲಿನ ಅಂಕೆ. ಮೀಸಲು ಎಂದರೆ ಮುಟ್ಟದಿರುವುದು. ಇದು ದಿನವೂ ಮುಟ್ಟುವುದು. ಮೂರು ಪದಗಳ ಹೆಸರಿನಲ್ಲಿ ಅನುಪಾತವೊಂದೇ ನಿರ್ದುಷ್ಟವಾಗಿ ಉಳಿಯಿತು.

ಮೀಸಲು ತೆಗೆದಿರಿಸಿದ ನಿಧಿಯೆಂಬ ಭಾವನೆಯಿಂದಲೇ, ಆ ನಿಧಿಯು ಹೆಚ್ಚಿದರೆ ಬ್ಯಾಂಕುಗಳು ಅದನ್ನು ತೆಗೆದು ಸಾಲಕೊಡುವುವೆಂಬ ಇನ್ನೊಂದು ತಪ್ಪು ಹುಟ್ಟುವುದು. ತರಗತಿಗಳಲ್ಲಿ ‘ಹಣದ ಗುಣಕ’ವೆಂಬ ಪಾಠವುಂಟು: ಶೇಕಡ 3ನ್ನು ಇರಿಸಿ ಉಳಿದುದನ್ನು ಸಾಲಕೊಟ್ಟರೆ, ಅದು ಮತ್ತೆ ಠೇವಣಿಯಾಗಿ, ಮತ್ತೆ ಸಾಲವಾಗಿ, ಕೊನೆಗೆ ಮೀಸಲಿನ 33 ಪಾಲಿನಷ್ಟು ಠೇವಣಿಯು ಬೆಳೆಯುವುದೆಂದು ಅದು ಹೇಳುವುದು. ಲೆಕ್ಕದಲ್ಲಿ ತಪ್ಪಿಲ್ಲ, ವ್ಯವಹಾರವು ಹಾಗೆ ನಡೆಯುವುದಿಲ್ಲ. ಪೀಣ್ಯದ ಒಂದು ಕಾರ್ಖಾನೆಗೆ ಬ್ಯಾಂಕು 10 ಲಕ್ಷ ರೂಪಾಯಿಗಳ ಸಾಲವನ್ನು ಮಂಜೂರುಮಾಡಿದಾಗ, ಅದು ಮತ್ತೊಬ್ಬನ ಠೇವಣಿಯನ್ನು ತೆಗೆದು ಇವನಿಗೆ ಕೊಡುವುದಿಲ್ಲ. ಇವನ ಸಾಲದ ಖಾತೆಯಲ್ಲಿ 10 ಲಕ್ಷ ಖರ್ಚು ಬರೆದು, ಇವನ ಚಾಲ್ತಿಖಾತೆಯಲ್ಲಿ 10 ಲಕ್ಷ ಜಮೆ ಬರೆಯುವುದು. ಆ ಬರೆವಣಿಗೆಯಿಂದಲೇ ಹಣದ ಪೂರೈಕೆಯು 10 ಲಕ್ಷ ಹೆಚ್ಚಿತು. ‘ಠೇವಣಿ’ಯೆಂಬುದು ಇಡು ಎಂಬರ್ಥದ ಮರಾಠಿಯ ಧಾತುವಿನಿಂದ ಬಂದುದು, ಯಾರೋ ತಂದಿಟ್ಟುದೆಂಬ ಅರ್ಥವನ್ನು ಅದು ಬಿಡಲೊಲ್ಲದು. ಇಲ್ಲಿ ಯಾರೂ ಏನನ್ನೂ ತಂದಿಡಲಿಲ್ಲ. ಕಾರ್ಖಾನೆಯವನು ಉಕ್ಕಿನ ವರ್ತಕನಿಗೆ ಹಣವನ್ನು ಸಲ್ಲಿಸಿದಾಗ, ವರ್ತಕನ ಖಾತೆಯು ಬೇರೆ ಬ್ಯಾಂಕಿನಲ್ಲಿದ್ದರೆ, ಮೀಸಲು ಈ ಬ್ಯಾಂಕಿನಿಂದ ಆ ಬ್ಯಾಂಕಿಗೆ ಸರಿಯುವುದು. ನಾಡಿನ ಒಟ್ಟು ಮೀಸಲು ಅಷ್ಟೇ ಇರುವುದು.

ಸಾಲವು ತೀರಿದಾಗ ಈ ಹಣವು ಅಳಿಯುವುದೆಂಬುದನ್ನೂ ಹೇಳಬೇಕು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ, ಋಣವನ್ನು ಕಂತುಗಳಲ್ಲಿ ಕೊಡುವವನು ಕೊಟ್ಟುದನ್ನು ಪತ್ರದ ಹಿಂಬದಿಯಲ್ಲಿ ಬರೆಯಬೇಕೆಂದೂ, ಪೂರ್ಣವಾಗಿ ತೀರಿದಾಗ ಪತ್ರವನ್ನು ಹರಿದುಹಾಕಬೇಕೆಂದೂ ವಿಧಿಯುಂಟು. ಕಲ್ಯಾಣದ ವಿಜ್ಞಾನೇಶ್ವರನ ಮಿತಾಕ್ಷರೆಯನ್ನು ಓದಿದವರಿಗೆ ಇದು ಪರಿಚಿತವಾದ ಸ್ಥಳ. ಬ್ಯಾಂಕಿನ ಸಾಲದಲ್ಲಿ ಪತ್ರದೊಡನೆ ಹಣವೂ ಹರಿದುಹೋಗುವುದು: ಕಾರ್ಖಾನೆಯವನ ಠೇವಣಿಯಲ್ಲಿ 10 ಲಕ್ಷ ಇಳಿಯಿತು, ಬ್ಯಾಂಕಿಗೆ ಬರಬೇಕಾದ ಸಾಲದಲ್ಲಿಯೂ 10 ಲಕ್ಷ ಇಳಿಯಿತು, ಎರಡೂ ಇಲ್ಲವಾದುವು. ಧರ್ಮಶಾಸ್ತ್ರಕಾರರ ಕಾಲದ ಹೊನ್ನಿಗೆ ಈ ಗತಿಯಿರಲಿಲ್ಲ.

ಬ್ಯಾಂಕು ಇನ್ನಷ್ಟು ಸಾಲವನ್ನು ಕೊಡುವುದೇ ಬಿಡುವುದೇ ಎಂಬುದು ಸಾಲಗಾರನ ಯೋಗ್ಯತೆ, ಅವನ ಕೆಲಸಕ್ಕಿರುವ ಬೇಡಿಕೆ, ಬ್ಯಾಂಕಿನ ಸ್ವಂತ ಬಂಡವಾಳ, ಬಡ್ಡಿಯ ದರ ಇವುಗಳಿಂದ ನಿರ್ಣಯವಾಗುವುದು. 2020–21ರಲ್ಲಿ 3 ಲಕ್ಷ ಕೋಟಿಗೂ ಮೀರಿದ ಖರೀದಿಯಾದರೂ ಬ್ಯಾಂಕುಗಳ ಸಾಲದ ಬೆಳೆವಣಿಗೆಯು ಶೇಕಡ 6ನ್ನು ಮುಟ್ಟಲಿಲ್ಲ. ಹೆಚ್ಚಿದ ಮೀಸಲನ್ನು ಬ್ಯಾಂಕುಗಳು ಶೇಕಡ 3.35ರ ಬಡ್ಡಿಗೆ ರಿಜರ್ವ್ ಬ್ಯಾಂಕಿಗೇ ಹಿಂದಕ್ಕೆ ಕೊಟ್ಟು ಕುಳಿತುವು. ಆ ಕಾಲದಲ್ಲಿ ಸಣ್ಣ ಕೈಗಾರಿಕೆಗಳಿಗೆ ಒದಗಿದ ಹೊಸ ಸಾಲಕ್ಕೆ ಮುಖ್ಯ ಆಧಾರವಾದುದು 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು 3 ಲಕ್ಷ ಕೋಟಿಯ ಮಿತಿಯಲ್ಲಿ ಕೊಟ್ಟ ಜಾಮೀನು. ಇದ್ದ ಸಾಲದ ಶೇಕಡ 20ರಷ್ಟನ್ನು ಬೇರೆ ಅಡವಿಲ್ಲದೆ ಕೊಡಬಹುದೆಂದು ಮೊದಲು ಏರ್ಪಾಡಾಗಿದ್ದಿತು. ಮೀಸಲು ತುಂಬಿದ್ದರೂ ಬಾರದಿದ್ದ ಧೈರ್ಯವು ಬ್ಯಾಂಕುಗಳಿಗೆ ಜಾಮೀನಿನಿಂದ ಬಂದಿತು.

‘ಹೊಳೆ ಹರಿಸಿತು’ ಎಂಬ ಎರಡನೆಯ ಮಾತಿಗೆ ಮೂಲವು ‘ದ್ರವ್ಯತೆ’ಯೆಂಬ ಪಾರಿಭಾಷಿಕ ಪದ. ವೈಶೇಷಿಕರಲ್ಲಿ ದ್ರವ್ಯವೆಂದರೆ ಗುಣಗಳಿಗೆ ಆಶ್ರಯವಾದ ಪದಾರ್ಥ. ಲೋಕದಲ್ಲಿ ದ್ರವ್ಯವೆಂದರೆ ಐಶ್ವರ್ಯ. ಎರಡರಲ್ಲಿಯೂ ಹರಿಯುವಿಕೆಯಿಲ್ಲ. ಹರಿಯುವಿಕೆಗೆ ಕಾರಣವಾದ ಗುಣಕ್ಕೆ ಅವರು ಇಟ್ಟಿರುವ ಹೆಸರು ದ್ರವತ್ವ. ‘ದ್ರವ್ಯತೆ’ಯೆಂದು ಬರೆದುದರಿಂದ ಸುಲಭವಾಗಿ ಕೈಬದಲಾಗುವಿಕೆಯೆಂಬ ಗುಣವು ಐಶ್ವರ್ಯವಾಗಿ ತೋರಿತು, ಅದು ಹೆಚ್ಚಿತೆಂದರೆ ನಾಡು ಶ್ರೀಮಂತವಾಯಿತೆಂದು ಭಾಸವಾಯಿತು. ತರ್ಕಸಂಗ್ರಹದಲ್ಲಿ ದ್ರವತ್ವವು ಸಾಂಸಿದ್ಧಿಕ, ನೈಮಿತ್ತಿಕವೆಂದು ಎರಡು ಬಗೆ: ನೀರಿನದು ಹುಟ್ಟುಗುಣ, ತುಪ್ಪ ಚಿನ್ನಗಳದು ಬೆಂಕಿಯ ಸಂಯೋಗದಿಂದ ಬಂದುದು. ಸಾಲಪತ್ರದ ದ್ರವತ್ವವು ಎರಡನೆಯ ಬಗೆಯದು. ಕೊಳ್ಳುವವರಿಲ್ಲದ ದಿನ ಅದು ಹೆಪ್ಪುಗಟ್ಟಿದ ತುಪ್ಪ. ರಿಜರ್ವ್ ಬ್ಯಾಂಕು ಕೊಳ್ಳಲು ನಿಂತೊಡನೆ ಕರಗುವುದು. ಕರಗಿದ ತುಪ್ಪವು ತೂಕದಲ್ಲಿ ಹೆಚ್ಚುವುದಿಲ್ಲ. ಇಷ್ಟು ಒಪ್ಪುವ ಪದವು ಕೈಗೆ ಸಿದ್ಧವಾಗಿದ್ದಾಗ ಒಂದು ಯಕಾರವನ್ನು ಸೇರಿಸಿ ಕೆಡಿಸಿದುದು ಶೋಚನೀಯ.

ಹರಿವಿನ ರೂಪಕದಿಂದ ಇನ್ನೊಂದು ಮರೆಯುಂಟು. 2025ರ ಜನವರಿಯ ಖರೀದಿಯನ್ನು ಹೊಸ ನೀರನ್ನು ಬಿಟ್ಟರೆಂಬಂತೆ ಬಣ್ಣಿಸಿದ ಬರೆಹಗಳಲ್ಲಿ, ಕೆರೆಯು ಅದಕ್ಕೆ ಮುಂಚೆ ಬತ್ತಿದ್ದಿತೆಂಬ ಮಾತು ಕಾಣಬರುವುದು ಅಪೂರ್ವ. ಬೆಂಗಳೂರಿನ ಮೂಡಣಕ್ಕಿರುವ ವೈಟ್‌ಫೀಲ್ಡಿನ ಗಣಕಸಂಸ್ಥೆಗಳು ಹೊರದೇಶಗಳಿಂದ ಡಾಲರುಗಳನ್ನು ಗಳಿಸಿ ಬ್ಯಾಂಕುಗಳಿಗೆ ಮಾರಿ, ರೂಪಾಯಿಗಳಲ್ಲಿ ಸಂಬಳವನ್ನು ಕೊಡುವುವಷ್ಟೆ. ಆ ಡಾಲರುಗಳನ್ನು ಬ್ಯಾಂಕುಗಳಿಂದ ರಿಜರ್ವ್ ಬ್ಯಾಂಕು ಕೊಂಡರೆ, ಸಾಲಪತ್ರವನ್ನು ಕೊಂಡಂತೆಯೇ, ಮೀಸಲು ಏರುವುದು; 2020–21ರಲ್ಲಿ ಹೀಗೆ ಬಹಳವಾಗಿ ಏರಿತು. ರೂಪಾಯಿಯ ಬೆಲೆಯು ಕುಸಿಯದಂತೆ ತಡೆಯಲು ಅದೇ ಬ್ಯಾಂಕು ಡಾಲರುಗಳನ್ನು ಮಾರಿದರೆ ಮೀಸಲು ಇಳಿಯುವುದು. 2024ರ ಕೊನೆಯ ತಿಂಗಳುಗಳಲ್ಲಿ ಆದುದು ಇದು. ತೆರಿಗೆಯ ಕಂತುಗಳು ಸರ್ಕಾರದ ಖಾತೆಗೆ ಹೋಗುವ ದಿನಗಳಲ್ಲಿಯೂ ಮೀಸಲು ಇಳಿಯುವುದು. ಈ ಇಳಿತಗಳನ್ನು ತುಂಬುವುದಕ್ಕಾಗಿ ಖರೀದಿಯು ನಡೆಯಿತು. ಹೋದುದನ್ನು ಹೇಳದೆ ಬಂದುದನ್ನು ಮಾತ್ರ ಹೇಳುವವನ ಲೆಕ್ಕವನ್ನು ಅಂಗಡಿಯ ಗುಮಾಸ್ತನೂ ಒಪ್ಪನು.

ಹಾಗಾದರೆ ಈ ಖರೀದಿಯಿಂದ ಪೀಣ್ಯಕ್ಕೆ ಫಲವೇ ಇಲ್ಲವೆಂದಲ್ಲ. ಮೀಸಲು ಸಾಕಷ್ಟಿದ್ದರೆ ಬ್ಯಾಂಕುಗಳು ಒಂದು ರಾತ್ರಿಯ ಮಟ್ಟಿಗೆ ತಮ್ಮೊಳಗೆ ಪಡೆಯುವ ಸಾಲದ ಬಡ್ಡಿಯು ರಿಜರ್ವ್ ಬ್ಯಾಂಕು ಗೊತ್ತುಮಾಡಿದ ರೆಪೊ ದರದ ಸಮೀಪದಲ್ಲಿ ನಿಲ್ಲುವುದು, ಇಲ್ಲದಿದ್ದರೆ ಏರಿಹೋಗುವುದು. ಸಾಲಪತ್ರಗಳಿಗೆ ಗಿರಾಕಿ ಹೆಚ್ಚಿ ಅವುಗಳ ಬೆಲೆ ಏರಿದಾಗ ದೀರ್ಘಾವಧಿಯ ಬಡ್ಡಿಯೂ ತಗ್ಗುವುದು. 2019ರ ಅಕ್ಟೋಬರ್ 1ರಿಂದ ಸಣ್ಣ ಉದ್ಯಮಗಳಿಗೆ ಕೊಡುವ ಹೊಸ ಚರಬಡ್ಡಿಯ ಸಾಲಗಳ ದರವನ್ನು ರೆಪೊ ದರದಂಥ ಹೊರಗಿನ ಅಳತೆಗೋಲಿಗೆ ಕಟ್ಟಬೇಕೆಂದು ವಿಧಿಯಾಗಿದೆ. ಆದುದರಿಂದ ಪೀಣ್ಯದವನಿಗೆ ಈ ವ್ಯವಹಾರದಿಂದ ಬರುವುದು ಹಣವಲ್ಲ, ಹಣದ ಬೆಲೆ. ಅವನ ಬಡ್ಡಿಯ ಚೀಟಿಯಲ್ಲಿ ಕಾಲು, ಅರೆ ಶೇಕಡದ ವ್ಯತ್ಯಾಸವಾಗಿ ಅದು ತಲಪುವುದು. ಸಣ್ಣದೆನ್ನುವಂತಿಲ್ಲ, ಹೊಳೆಯೆನ್ನುವಂತೆಯೂ ಇಲ್ಲ.

ದೋಷವನ್ನು ತೋರಿಸಿದ ಮೇಲೆ ಪರ್ಯಾಯವನ್ನೂ ಸೂಚಿಸಬೇಕಾದುದು ನ್ಯಾಯ. ಮೀಸಲೆಂಬುದಕ್ಕೆ ಬದಲಾಗಿ ‘ಶಿಲ್ಕು’ ಎಂಬುದನ್ನು ಹಿಡಿಯಬಹುದು. ಮಳಿಗೆಗಳ ಲೆಕ್ಕದಲ್ಲಿ ಆರಂಭಶಿಲ್ಕು, ಅಖೈರು ಶಿಲ್ಕು ಎಂಬ ಮಾತುಗಳು ಬಹುಕಾಲದಿಂದ ನಡೆದುಬಂದಿವೆ. ಜಮೆಯಿಂದ ಏರುವುದೂ ಖರ್ಚಿನಿಂದ ಇಳಿಯುವುದೂ ಶಿಲ್ಕಿನ ಸ್ವಭಾವವೆಂದು ವ್ಯಾಪಾರಿಯ ಮಗನಿಗೆ ಹೇಳಿಕೊಡಬೇಕಾಗಿಲ್ಲ. ಮಠಗಳಲ್ಲಿಯೂ ವರ್ತಕರ ಮನೆಗಳಲ್ಲಿಯೂ ಉಳಿದಿರುವ ಕಡತಗಳನ್ನು ನೋಡಿದವರಿಗೆ ಈ ವ್ಯವಹಾರದ ಸ್ವರೂಪವು ಸುಲಭವಾಗಿ ಮನಸ್ಸಿಗೆ ಹತ್ತುವುದು: ಕಪ್ಪು ಲೇಪದ ಬಟ್ಟೆಯ ಮೇಲೆ ಬಳಪದಿಂದ ಬರೆದುದು, ಅಳಿಸಿ ಮತ್ತೆ ಬರೆಯಬಹುದಾದುದು. ಇಂದಿನ ಬ್ಯಾಂಕುಗಳ ಕಡತವು ಗಣಕದಲ್ಲಿದೆ. ಇಂಥ ಕಡತದ ಕ್ರಮವನ್ನು ರಚಿಸಿ ದೇಶವಿದೇಶಗಳ ಬ್ಯಾಂಕುಗಳಿಗೆ ಮಾರುವ ಫಿನಾಕಲ್ ಎಂಬುದು ಇನ್ಫೋಸಿಸ್ ಸಂಸ್ಥೆಯದು. ಆ ಸಂಸ್ಥೆಯ ಮುಖ್ಯಕಚೇರಿಯಿರುವ ಎಲೆಕ್ಟ್ರಾನಿಕ್ ಸಿಟಿಯಾದರೋ 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ಭೂಮಿಯಲ್ಲಿ ಹುಟ್ಟಿದುದು. ವಿದ್ಯಾವಂತರಿಗೆ ಕೊಟ್ಟ ಭೂಮಿಗೆ ಅಗ್ರಹಾರವೆಂಬ ಹೆಸರು ರೂಢವಾದುದು. ಲೋಕದ ಲೆಕ್ಕವನ್ನು ಬರೆಯುವ ಕ್ರಮವು ಅಗ್ರಹಾರದಲ್ಲಿ ಸಿದ್ಧವಾಗುತ್ತಿರುವಾಗ, ಅದನ್ನು ಹೇಳುವ ಕನ್ನಡವು ಅಚ್ಚಿನ ಯಂತ್ರದ ಕಾಲದಲ್ಲಿಯೇ ನಿಂತಿರುವುದು.

‘ರಿಜರ್ವ್ ಬ್ಯಾಂಕು ಇಂಥವರಿಂದ ಇಷ್ಟು ಸಾಲಪತ್ರಗಳನ್ನು ಕೊಂಡು, ಬೆಲೆಯನ್ನು ಬ್ಯಾಂಕುಗಳ ಶಿಲ್ಕಿಗೆ ಜಮೆಮಾಡಿತು’ ಎಂದು ಬರೆದರೆ ಅಪಾದಾನವೂ ಬಂದಿತು, ಲಕ್ಷಣೆಯೂ ತಪ್ಪಿತು, ವಾಕ್ಯವೇನೂ ಉದ್ದವಾಗಲಿಲ್ಲ. ಶಿಲ್ಕೆಂಬುದು ಮರಾಠಿಯ ಶಿಲ್ಲಕ್ ಎಂಬುದರಿಂದ ಬಂದುದಾದಕಾರಣ ಸಂಸ್ಕೃತಪದಗಳೊಡನೆ ಕೂಡಿಸಿದರೆ ಅರಿಸಮಾಸವಾಗುವುದೆಂದು ವೈಯಾಕರಣರು ಆಕ್ಷೇಪಿಸಬಹುದು. ಆಕ್ಷೇಪವು ಸರಿಯಾದುದೇ. ‘ಶಿಲ್ಕಿನ ಅನುಪಾತ’ವೆಂದು ಷಷ್ಠಿಯಲ್ಲಿಯೇ ನಿಲ್ಲಿಸಿ ಬರೆದರೆ ಸಮಾಸದ ಪ್ರಸಕ್ತಿಯೇ ಇರುವುದಿಲ್ಲ, ಮೇಲೆ ಹೇಳಿದ ಆರಂಭಶಿಲ್ಕೆಂಬುದನ್ನಾದರೋ ವರ್ತಕರ ರೂಢಿಯು ಈ ಮೊದಲೇ ಸಾಧುವೆಂದು ಒಪ್ಪಿಬಿಟ್ಟಿದೆ.